ಸಮನ್ಸು ಬಂದಾಗ ಸುಮ್ಮನೆ ಕೂರಬೇಡಿ



ಕೋರ್ಟು ಕಚೇರಿಯ ಮಾತು ಬಂದರೆ ನಮ್ಮ ಹಿರಿಯರು ಒಂದು ಗಾದೆ ಹೇಳುತ್ತಾರೆ: ಗೆದ್ದವನು ಸೋತ, ಸೋತವನು ಸತ್ತ. ಮಾತೆತ್ತಿದರೆ ವ್ಯಾಜ್ಯ ಹೂಡುವವರಿಗೆ ಇದು ಒಳ್ಳೆಯ ಬುದ್ಧಿಮಾತು. ಆದರೆ ನಾವು ಹೂಡದಿದ್ದರೂ ಬೇರೆಯವರು ನಮ್ಮ ಮೇಲೆ ಹೂಡಬಹುದಲ್ಲ? ಆಗ ಈ ಗಾದೆಯನ್ನೇ ನೆಪ ಮಾಡಿಕೊಂಡು ಮನೆಯಲ್ಲಿ ಕುಳಿತರೆ ಏನಾಗುತ್ತದೆ? ಇಂದು ಆ ವಿಷಯವನ್ನೇ ತಮ್ಮ ಮುಂದೆ ಇಡುತ್ತೇನೆ.

ನಮ್ಮ ಸೊಕ್ಕೆ ಹೋಬಳಿಯಲ್ಲಿ ಒಬ್ಬ ರೈತ ಇದ್ದಾನೆ ಎಂದಿಟ್ಟುಕೊಳ್ಳಿ. ಬೋರು ಕೊರೆಸಲು ಸಾಹುಕಾರನ ಹತ್ತಿರ ಎರಡು ಲಕ್ಷ ರೂಪಾಯಿ ಕೈಸಾಲ ತಂದ. ಸಾಹುಕಾರ ಸಾಲಪತ್ರ ಬರೆಸಲಿಲ್ಲ. ಮೂರು ಎಕರೆ ಹೊಲ ಮಾರುವುದಾಗಿ ಕ್ರಯದ ಕರಾರು ಬರೆಸಿಕೊಂಡ. "ಇದು ಬರೀ ಭದ್ರತೆಗೆ ಕಣಯ್ಯಾ" ಅಂದ. ರೈತ ಈರುಳ್ಳಿ ಮಾರಿ ಒಂದು ಲಕ್ಷದ ಇಪ್ಪತ್ತು ಸಾವಿರ ತೀರಿಸಿದ. ಮುಂದಿನ ವರ್ಷ ಮಳೆ ಕೈಕೊಟ್ಟಿತು, ಬಾಕಿ ನಿಂತಿತು. ಸಾಹುಕಾರ ದಾವೆ ಹಾಕಿದ: ಕರಾರಿನಂತೆ ಹೊಲವನ್ನು ನನಗೆ ಕ್ರಯ ಮಾಡಿಕೊಡಿಸಿ ಎಂದು. ಕೋರ್ಟಿನ ಅಮೀನ ಸಮನ್ಸು ಹಿಡಿದು ಬಂದಾಗ ನಮ್ಮ ರೈತ ಹಿತ್ತಲ ಬಾಗಿಲಿಂದ ಹೊರಬಿದ್ದ. ಕಾಗದ ಮುಟ್ಟದಿದ್ದರೆ ಕೇಸು ನಡೆಯೋದಿಲ್ಲ ಎಂದು ಯಾರೋ ಹೇಳಿದ್ದರು.

ಇದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇದಕ್ಕೆಲ್ಲ ದಾರಿ ಮಾಡಿಟ್ಟಿದೆ. ಯಜಮಾನ ಸಿಗದಿದ್ದರೆ ಜೊತೆಯಲ್ಲಿ ವಾಸಿಸುವ ವಯಸ್ಕ ಮನೆಯವರಿಗೆ, ಹೆಂಗಸಾಗಲಿ ಗಂಡಸಾಗಲಿ, ಸಮನ್ಸು ಕೊಡಬಹುದು. ಆಳಿನ ಕೈಗೆ ಕೊಟ್ಟರೆ ಮಾತ್ರ ಅದು ನಡೆಯದು. ತೆಗೆದುಕೊಳ್ಳಲು ಒಪ್ಪದಿದ್ದರೆ ಹೊರಬಾಗಿಲಿಗೆ ಅಂಟಿಸಬಹುದು. ರಿಜಿಸ್ಟರ್ ಅಂಚೆಯನ್ನು ಬೇಡವೆಂದು ತಿರುಗಿಸಿದರೂ, ಅಂಚೆಯವನು ಹಾಗೆ ಬರೆದ ಷರಾದ ಮೇಲೆ ಸಮನ್ಸು ಜಾರಿಯಾಯಿತೆಂದೇ ಕೋರ್ಟು ಹೇಳಬಹುದು. ಕಡೆಗೆ ಪತ್ರಿಕೆಯಲ್ಲಿ ಪ್ರಕಟಿಸಲೂ ಬಹುದು.

ಇಷ್ಟಾದ ಮೇಲೂ ಪ್ರತಿವಾದಿ ವಾಯಿದೆಯ ದಿನ ಹೋಗದಿದ್ದರೆ ಅವನನ್ನು ಗೈರುಹಾಜರೆಂದು ಬರೆದು, ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಡುತ್ತಾರೆ. ಇದಕ್ಕೇ ಏಕಪಕ್ಷೀಯ ಡಿಕ್ರಿ ಎಂದು ಹೆಸರು. ಜನ 'ಎಕ್ಸ್‌ಪಾರ್ಟಿ' ಅನ್ನುತ್ತಾರೆ. ನಮ್ಮ ರೈತ ತೀರಿಸಿದ ಒಂದು ಲಕ್ಷದ ಇಪ್ಪತ್ತು ಸಾವಿರದ ವಿಷಯ ನ್ಯಾಯಾಧೀಶರಿಗೆ ಯಾರು ಹೇಳಬೇಕು? ಸಾಹುಕಾರ ಹೇಳುತ್ತಾನೆಯೇ? ಡಿಕ್ರಿಯಾದ ಮೇಲೆ ಅಮಲ್ಜಾರಿ. ರೈತ ಕ್ರಯಪತ್ರಕ್ಕೆ ಸಹಿ ಹಾಕದಿದ್ದರೆ ಕೋರ್ಟೇ ಅವನ ಪರವಾಗಿ ಸಹಿ ಮಾಡಿಸಿ ನೋಂದಣಿ ಮಾಡಿಸುತ್ತದೆ. ಎರಡು ಲಕ್ಷದ ಸಾಲಕ್ಕೆ ಮೂರು ಎಕರೆ ಹೊಲ ಹೋಯಿತು!

ದುಡ್ಡಿನ ಡಿಕ್ರಿಯಾದರೆ ಜಮೀನನ್ನು ಜಪ್ತಿ ಮಾಡಿ ಹರಾಜು ಹಾಕಿಸಬಹುದು. ಅಮಲ್ಜಾರಿಗೆ ಹನ್ನೆರಡು ವರ್ಷದವರೆಗೆ ಅವಕಾಶವಿದೆ. ಮರೆತುಹೋಯಿತೆಂದು ನೀವಂದುಕೊಂಡ ಡಿಕ್ರಿ ಹತ್ತನೇ ವರ್ಷದಲ್ಲಿ ಬಾಗಿಲಿಗೆ ಬಂದೀತು. ಒಂದು ಸಮಾಧಾನವಿದೆ: ಉಡುವ ಬಟ್ಟೆ, ಅಡಿಗೆ ಪಾತ್ರೆ, ಬೇಸಾಯದ ಸಲಕರಣೆ, ಜೀವನಕ್ಕೆ ಬೇಕಾದಷ್ಟು ದನಕರು ಮತ್ತು ಬಿತ್ತನೆ ಬೀಜ, ರೈತ ತಾನೇ ವಾಸಿಸುವ ಮನೆ, ಇವನ್ನು ಇಂಥ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಅಡವಿಟ್ಟ ಆಸ್ತಿಯ ಮಾತು ಬೇರೆ.

ಈ ಸಂಕಟ ಇಂದಿನದಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ರೊಚ್ಚಿಗೆದ್ದು ಸಾಹುಕಾರರ ಸಾಲಪತ್ರಗಳನ್ನು, ಡಿಕ್ರಿಗಳನ್ನು ಕಸಿದು ಸುಟ್ಟರು. ರೈತ ಹಾಜರಾಗದೆಯೇ ಆದ ಡಿಕ್ರಿಗಳು ಆ ಸೀಮೆಯಲ್ಲಿ ಹೇರಳವಾಗಿದ್ದವು. ಅದರ ಫಲವಾಗಿ 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ಬಂತು. ಸಾಲದ ಹುಟ್ಟುಗತೆಯನ್ನೆಲ್ಲ ಕೋರ್ಟೇ ವಿಚಾರಿಸಬೇಕು, ಪ್ರತಿವಾದಿ ರೈತನನ್ನು ಕರೆಸಿ ಕೇಳಬೇಕು ಎಂದಿತು. ಆ ಕಾಯಿದೆಯ ಆಸರೆ ಇಂದು ನಮಗಿಲ್ಲ. ನಮ್ಮ ಮಾತನ್ನು ನಾವೇ ಹೋಗಿ ಹೇಳಬೇಕು.

ಹಾಗಾದರೆ ಮಾಡಬೇಕಾದ್ದೇನು?

ಮೊದಲನೆಯದು, ಸಮನ್ಸನ್ನು ತೆಗೆದುಕೊಳ್ಳಿ. ತೆಗೆದುಕೊಂಡ ಮಾತ್ರಕ್ಕೆ ಸಾಲ ಒಪ್ಪಿದಂತಲ್ಲ. ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಯಾವ ಕೋರ್ಟು, ದಾವೆಯ ನಂಬರು, ವಾಯಿದೆಯ ದಿನ, ಈ ಮೂರನ್ನೂ ಓದು ಬಲ್ಲವರಿಂದ ಓದಿಸಿಕೊಳ್ಳಿ. ತಾಯಂದಿರೇ, ಗಂಡಸರಿಲ್ಲದಾಗ ಕಾಗದ ಬಂದರೆ ಜಂತೆಗೆ ಸಿಕ್ಕಿಸಿ ಮರೆಯಬೇಡಿ, ಅಂದೇ ತಿಳಿಸಿ. ಪಾಲಿನ ದಾವೆಗಳಲ್ಲಿ ನಿಮ್ಮ ಹೆಸರಿಗೇ ಸಮನ್ಸು ಬರಬಹುದು.

ಎರಡನೆಯದು, ವಾಯಿದೆಗೆ ಹೋಗಿ. ಒಂದು ದಿನದ ಕೂಲಿ ಹೋದೀತು, ಹೊಲ ಉಳಿದೀತು. ಸಮನ್ಸು ಮುಟ್ಟಿದ ಮೂವತ್ತು ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ನಿಮ್ಮ ಜವಾಬು, ಸಲ್ಲಬೇಕು. ಕಾರಣವಿದ್ದರೆ ಕೋರ್ಟು ತೊಂಬತ್ತು ದಿನದವರೆಗೆ ಅವಕಾಶ ಕೊಡಬಹುದು. ರಸೀದಿ, ಬ್ಯಾಂಕಿನ ಪಾಸುಪುಸ್ತಕ, ಪಹಣಿ, ಕರಾರಿನ ನಕಲು ಎಲ್ಲವನ್ನೂ ವಕೀಲರಿಗೆ ತೋರಿಸಿ. ವಕಾಲತ್ತಿಗೆ ಸಹಿ ಹಾಕಿದೊಡನೆ ಹೊಣೆ ಮುಗಿಯಲಿಲ್ಲ. ಮುಂದಿನ ವಾಯಿದೆ ಯಾವತ್ತು ಎಂದು ಕೇಳುತ್ತಲೇ ಇರಿ.

ಜವಾಬು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿ ಡಿಕ್ರಿ ಕೊಡಬಾರದು, ಸಾಕ್ಷ್ಯವನ್ನು ತೂಗಿ ನೋಡಬೇಕು ಎಂದು ಕರ್ನಾಟಕದ ಒಂದು ಪಾಲು ದಾವೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಅದನ್ನೇ ನಂಬಿ ಕೂರಬೇಡಿ. ಆ ಮಾತು ಹೊರಡುವ ಹೊತ್ತಿಗೆ ಆ ಮನೆತನದ ವ್ಯಾಜ್ಯ ದೆಹಲಿಯವರೆಗೆ ಹೋಗಿಬಂದಿತ್ತು.

ಮೂರನೆಯದು, ವಾಯಿದೆ ತಪ್ಪಿಹೋಗಿದ್ದರೂ ಎದೆಗುಂದಬೇಡಿ. ಡಿಕ್ರಿ ಆಗುವುದಕ್ಕೆ ಮುಂಚೆ ಹೋಗಿ ತಕ್ಕ ಕಾರಣ ತೋರಿಸಿದರೆ ನಿಮ್ಮ ಮಾತು ಕೇಳಲು ಅವಕಾಶವಿದೆ. ಡಿಕ್ರಿಯೇ ಆಗಿದ್ದರೆ, ಆದ ದಿನದಿಂದ ಮೂವತ್ತು ದಿನದೊಳಗೆ, ಅದನ್ನು ರದ್ದುಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಸಮನ್ಸೇ ಸರಿಯಾಗಿ ಜಾರಿಯಾಗಿರಲಿಲ್ಲವಾದರೆ ಡಿಕ್ರಿಯ ಸುದ್ದಿ ನಿಮಗೆ ತಿಳಿದ ದಿನದಿಂದ ಮೂವತ್ತು ದಿನ. ಕಾಯಿಲೆ ಬಿದ್ದಿದ್ದರೆ ಆಸ್ಪತ್ರೆಯ ಚೀಟಿ ಇಟ್ಟುಕೊಂಡಿರಿ. ಬರೀ ಬಾಯಿಮಾತು ಸಾಲದು. ತಡವಾಗಿದ್ದರೆ, ದಿನದಿನದ ಕಾರಣ ಹೇಳಿ ಮನ್ನಿಸಿ ಎಂದು ಕೇಳಬೇಕಾಗುತ್ತದೆ. ಮೇಲಿನ ಕೋರ್ಟಿಗೆ ಅಪೀಲೂ ಉಂಟು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ಸುದ್ದಿ ತಿಳಿದ ದಿನವೇ ಹೊರಡಿ.

"ವಕೀಲರಿಗೆ ಕೊಡೋಕೆ ದುಡ್ಡೆಲ್ಲಿದೆ ಸ್ವಾಮೀ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಗೊತ್ತುಮಾಡಿದ ಮಿತಿಗಿಂತ ಕಡಿಮೆ ವರಮಾನದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ ವರಮಾನದ ಕಟ್ಟೂ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರ್ಟಿನಲ್ಲಿಯೇ ವಿಚಾರಿಸಿ. 15100 ಎಂಬ ನಂಬರಿಗೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ. ಸಾಲ ನಿಜವಾಗಿದ್ದು ಕಟ್ಟುವ ಮನಸ್ಸಿದ್ದರೆ ಲೋಕ ಅದಾಲತ್ತಿನಲ್ಲಿ ಕಂತಿನ ಮೇಲೆ ರಾಜಿ ಮಾಡಿಕೊಳ್ಳಬಹುದು. ಆದರೆ ರಾಜಿಗೂ ಎದುರಿಗೆ ನೀವು ಇರಬೇಕು.

ಕಳೆ ಸಣ್ಣದಿರುವಾಗ ಕೈಯಲ್ಲಿ ಕೀಳುತ್ತೀರಿ. ಬಿಟ್ಟರೆ ಕುಂಟೆ ಹೊಡೆದರೂ ಬಗ್ಗದು. ಕೋರ್ಟಿನ ಕಾಗದವೂ ಹಾಗೆಯೇ. ಬಂದ ದಿನ ಬಿಚ್ಚಿ ನೋಡಿ, ವಾಯಿದೆಯ ದಿನ ಹಾಜರಾಗಿ.