ಕೈತಪ್ಪಿದ ಕಿರೀಟ, ಮರೆತ ಮನೆಮಾತು



ದೊಡ್ಡ ಮನೆತನ, ಹಳೇ ಮನೆತನ, ಬಾಳಿ ಬದುಕಿದ ಮನೆತನ ಅಂತ ನಾವು ಮಾತಿಗೆ ಮುಂಚೆ ಹೇಳುತ್ತಿರುತ್ತೇವೆ. ಹೊಲಗದ್ದೆ ಮಾರಿಹೋಗಿ, ತೊಟ್ಟಿಮನೆ ಕುಸಿದು, ಬೆಳ್ಳಿ ತಟ್ಟೆ ಗಿರವಿಗೆ ಹೋದ ಮೇಲೂ ಮನೆತನ ಉಳಿಯುತ್ತದೆಯೇ? ಉಳಿದರೆ ಯಾವುದರಲ್ಲಿ? ಇರಾನನ್ನು ಆಳಿ ಅಳಿದ ಖಜಾರ್ ರಾಜವಂಶದ ಕತೆ ಓದುವಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಖಜಾರರು 18ನೇ ಶತಮಾನದ ಕೊನೆಗೆ ಕತ್ತಿಯ ಬಲದಿಂದ ಗದ್ದುಗೆ ಏರಿದವರು. ಟೆಹರಾನನ್ನು ರಾಜಧಾನಿ ಮಾಡಿದವರು ಅವರೇ. ವಂಶದ ಎರಡನೆಯ ದೊರೆ ಫತೇ ಅಲಿ ಷಾನಿಗೆ ಸೊಂಟ ಮುಟ್ಟುವ ಗಡ್ಡ, ನೂರಕ್ಕೂ ಹೆಚ್ಚು ಮಕ್ಕಳು. ಸಂತಾನ ಬೆಳೆಯಿತು, ರಾಜ್ಯ ಕರಗಿತು. ರಷ್ಯಾದ ಎದುರು ಸೋತು 1813ರಲ್ಲಿ ಒಮ್ಮೆ, 1828ರಲ್ಲಿ ಇನ್ನೊಮ್ಮೆ ಕಾಕಸಸ್ ಸೀಮೆಯನ್ನು ಬಿಟ್ಟುಕೊಡಬೇಕಾಯಿತು. ಆಮೇಲೆ ಬಂದವರ ಕಾಲದಲ್ಲಿ ಸಾಲ ಏರಿತು. 1901ರಲ್ಲಿ ಮುಜಫರುದ್ದೀನ್ ಷಾ ದೇಶದ ಬಹುಭಾಗದಲ್ಲಿ ಎಣ್ಣೆ ತೆಗೆಯುವ ಹಕ್ಕನ್ನು ವಿಲಿಯಂ ಡಾರ್ಸಿ ಎಂಬ ವ್ಯಾಪಾರಿಗೆ 60 ವರ್ಷಕ್ಕೆ ಬರೆದುಕೊಟ್ಟ. ಪ್ರತಿಯಾಗಿ ಗೊತ್ತಾದದ್ದು 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಲಾಭದಲ್ಲಿ ನೂರಕ್ಕೆ 16 ಪಾಲು.

ಮುಜಫರುದ್ದೀನನ ಮಗ 1908ರಲ್ಲಿ ಸಂಸತ್ ಭವನದ ಮೇಲೆಯೇ ಫಿರಂಗಿ ಹಾರಿಸಿದ; ಮರುವರ್ಷ ಪಟ್ಟ ಕಳೆದುಕೊಂಡ. ಆಗ ದೊರೆಯಾದವನು ಹನ್ನೊಂದು ವರ್ಷದ ಹುಡುಗ, ಅಹಮದ್. ಅಪ್ಪ ಅಮ್ಮ ದೇಶ ಬಿಡಬೇಕು, ಇವನು ಅರಮನೆಗೆ ಹೋಗಬೇಕು. ರಾಜನಾಗುವುದೆಂದರೆ ಆ ಹುಡುಗನಿಗೆ ಅಮ್ಮನನ್ನು ಬಿಟ್ಟು ಹೋಗುವುದು, ಅಷ್ಟೇ. ಅತ್ತೂ ಅತ್ತೂ ಸಿಂಹಾಸನಕ್ಕೆ ಹೋದ. 1923ರಲ್ಲಿ ಯುರೋಪಿಗೆ ಹೊರಟವನು ತಿರುಗಿ ಬರಲೇ ಇಲ್ಲ. 1925ರಲ್ಲಿ ಸಂಸತ್ತು ಖಜಾರರ ಆಳ್ವಿಕೆಗೆ ಕೊನೆ ಹಾಡಿತು. 1930ರಲ್ಲಿ ಪ್ಯಾರಿಸ್ ಬಳಿ ಅಹಮದ್ ತೀರಿಕೊಂಡಾಗ ವಯಸ್ಸು ಬರೀ 32.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಎರಡನೇ ಮಹಾಯುದ್ಧ ಬಂತು. 1941ರಲ್ಲಿ ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ಇರಾನಿಗೆ ನುಗ್ಗಿದವು, ಖಜಾರರ ಜಾಗಕ್ಕೆ ಬಂದಿದ್ದ ರೆಜಾ ಷಾ ಪಹ್ಲವಿ ಇಳಿಯಬೇಕಾಯಿತು. ಖಜಾರರನ್ನೇ ಮತ್ತೆ ಕೂರಿಸಿದರೆ ಹೇಗೆ ಎಂದು ಬ್ರಿಟಿಷರು ಯೋಚಿಸಿದರು. ಅಹಮದನ ತಮ್ಮನ ಮಗ ಹಮೀದ್ ಇಂಗ್ಲೆಂಡಿನಲ್ಲೇ ಇದ್ದ. ಚಿಕ್ಕಂದಿನಲ್ಲೇ ಅಲ್ಲಿಗೆ ಹೋದವನು, ಡೇವಿಡ್ ಡ್ರಮಂಡ್ ಎಂಬ ಹೆಸರಿನಲ್ಲಿ ನೌಕಾಪಡೆಯಲ್ಲಿ ದುಡಿದವನು. ವಿಚಾರಿಸಿ ನೋಡಿದರೆ, ಅವನಿಗೆ ಪರ್ಷಿಯನ್ ಭಾಷೆಯೇ ಬರುತ್ತಿರಲಿಲ್ಲ! ಪ್ರಜೆಗಳ ಜೊತೆ ಒಂದು ಮಾತೂ ಆಡಲಾಗದ ದೊರೆಯನ್ನು ಕೂರಿಸುವುದು ಹೇಗೆ? ಆ ವಿಚಾರ ಅಲ್ಲಿಗೇ ನಿಂತಿತು. ಪಟ್ಟ ರೆಜಾ ಷಾನ 21 ವರ್ಷದ ಮಗನಿಗೆ ಹೋಯಿತು. ಹಮೀದನಿಗೆ ಹಕ್ಕು ಬಂದಿತ್ತು, ಮಾತು ಬಂದಿರಲಿಲ್ಲ. ತಪ್ಪು ಅವನದೆನ್ನಲಾಗದು, ಪರದೇಶದಲ್ಲಿ ಬೆಳೆದ ಕೂಸು ಹಿರಿಯರು ಕಲಿಸಿದ್ದನ್ನು ತಾನೇ ಕಲಿಯುತ್ತದೆ?

ಅದೇ ಮನೆತನದ ಇನ್ನೊಂದು ಕವಲು ನೋಡಿ. ಫತೇ ಅಲಿ ಷಾನ ಮಗ ಅಬ್ಬಾಸ್ ಮಿರ್ಜಾ. ಅವನ ಮೊಮ್ಮಗಳು ನಜ್ಮುಸ್ಸಲ್ತನೆ ಟೆಹರಾನಿನಲ್ಲಿ ತನ್ನ ಹೆಸರಿನದೇ ಒಂದು ಆಸ್ಪತ್ರೆ ಕಟ್ಟಿಸಿದಳು. ಆಕೆಯ ಮಗ ಮೊಹಮ್ಮದ್ ಮೊಸಾದೆಕ್. ಅವರಿಗೆ ಕಿರೀಟದ ಆಸೆಯಿರಲಿಲ್ಲ. ಓದಿದರು, ಸಂಸತ್ತಿನಲ್ಲಿ ನಿಂತು ಮಾತಾಡಿದರು, 1951ರಲ್ಲಿ ಪ್ರಧಾನಿಯಾದರು. ಡಾರ್ಸಿಗೆ ಕೊಟ್ಟಿದ್ದ ಎಣ್ಣೆಯ ಹಕ್ಕು ಅಷ್ಟರಲ್ಲಿ ಬ್ರಿಟಿಷರ ದೊಡ್ಡ ಕಂಪನಿಯೊಂದರ ಕೈಸೇರಿತ್ತು. ಮೊಸಾದೆಕ್ ಆ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. ಹಿರೀಕರು ಬರೆದುಕೊಟ್ಟದ್ದನ್ನು ಅದೇ ರಕ್ತದವರೊಬ್ಬರು ಬಿಡಿಸಿಕೊಳ್ಳಲು ಹೊರಟಿದ್ದರು. ಬೆಲೆ ತೆತ್ತರು ಕೂಡ. 1953ರಲ್ಲಿ ಅಮೆರಿಕ ಮತ್ತು ಬ್ರಿಟನ್ ಬೆಂಬಲದ ಕ್ಷಿಪ್ರಕ್ರಾಂತಿ ಅವರನ್ನು ಕೆಳಗಿಳಿಸಿತು. ಮೂರು ವರ್ಷ ಜೈಲು, ಆಮೇಲೆ ಸಾಯುವವರೆಗೂ ಅಹಮದಾಬಾದ್ ಎಂಬ ಹಳ್ಳಿಯಲ್ಲಿ ಗೃಹಬಂಧನ. 1967ರಲ್ಲಿ ಕೊನೆಯುಸಿರೆಳೆದದ್ದು ತಾಯಿ ಕಟ್ಟಿಸಿದ ಅದೇ ಆಸ್ಪತ್ರೆಯಲ್ಲಿ. ಮಣ್ಣು ಮಾಡಿದ್ದು ಹಳ್ಳಿಮನೆಯ ಕೋಣೆಯೊಂದರ ನೆಲದಡಿ.

ಕಿರೀಟ ಒಬ್ಬನ ತಲೆಯ ಮೇಲಷ್ಟೇ ಕೂರುತ್ತದೆ. ಮಾತು, ಹೊಣೆ ಹಾಗಲ್ಲ, ಮನೆಮಂದಿಗೆಲ್ಲ ಹಂಚಿದರೂ ಮಿಗುತ್ತದೆ. ಆದರೆ ಹಂಚುವವರಿರಬೇಕು. ಇವತ್ತು ರಾತ್ರಿ ಊಟಕ್ಕೆ ಕೂತಾಗ, ನಿಮ್ಮ ಮನೆಯ ಹಿರಿಯರು ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಒಂದು ತಪ್ಪನ್ನೂ ಮಕ್ಕಳಿಗೆ ಹೇಳಿ. ಹೇಳುವುದು ಮಾತ್ರ ನಿಮ್ಮ ಮನೆಮಾತಿನಲ್ಲೇ ಇರಲಿ.