ಕಂದುಪಾಚಿಯ ರೋಗವೂ ಅಡಕೆಯ ಕೊಳೆಯೂ

ಬಸವನಗುಡಿಯಲ್ಲಿ ತಾಂಬೂಲದ ತಟ್ಟೆಯ ಮುಂದೆ ಕುಳಿತವರಿಗೂ ಕಡಲಿನ ಪಾಚಿಯ ರೋಗಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. ಸಮುದ್ರದ ಕಂದುಪಾಚಿಗಳನ್ನು ಯೂರಿಕಾಸ್ಮವೆಂಬ ಸೂಕ್ಷ್ಮಜೀವಿಯು ಪೀಡಿಸುತ್ತದೆ. ಅದು ಪಾಚಿಯ ಕೋಶವನ್ನು ಹೊಕ್ಕು, ಅದರ ಸಾರವನ್ನುಂಡು ಬೆಳೆದು, ಕೊನೆಗೆ ಈಜುವ ಬೀಜಾಣುಗಳನ್ನು ನೀರಿಗೆ ಬಿಡುತ್ತದೆ. ಬೀಜಾಣುವಿಗೆ ಎರಡು ಬಾಲಗಳು, ಅವುಗಳಲ್ಲೊಂದು ರೋಮಮಯವಾದುದು. ಕಂದುಪಾಚಿಯ ಈಜುವ ಬೀಜಾಣುಗಳಲ್ಲಿಯೂ ಇದೇ ಲಕ್ಷಣವಿದೆ. ತಿನ್ನುವುದೂ ತಿನ್ನಿಸಿಕೊಳ್ಳುವುದೂ ದೂರದ ದಾಯಾದಿಗಳು! ಮಲೆನಾಡಿನ ಅಡಕೆಗೆ ಕೊಳೆರೋಗವನ್ನು ತರುವ ಫೈಟಾಫ್ತೊರವೂ ಇದೇ ಬಳಗದ್ದು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಈ ರೋಗವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ತೋಟಗಾರರಿಗೆ ಕಲಿಸಿದರು. ಶತ್ರುವು ನೀರಿನಲ್ಲಿ ಈಜಿ ಬರುವುದರಿಂದ ಮದ್ದು ಮಳೆಗಿಂತ ಮುಂಚೆಯೇ ಗೊನೆಗೆ ಬೀಳಬೇಕು. ಕಾಯಿ ಕೊಳೆತುದುರಿದ ಮೇಲೆ ಹೊಡೆದ ಮದ್ದಿಗೆ ಸಾಲವೊಂದೇ ಫಲ.