ದೇವರು ನೋಡ್ತಾ ಕೂತಿದ್ದನೇನು?

(ಕಮಲಾಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ)



ದೇವರು ಪ್ರೀತಿಸುವ ತಂದೆ ಅಂತ ಚರ್ಚಿನಲ್ಲಿ ಹೇಳ್ತೇವೆ. ಹಾಗಾದರೆ ನಮ್ಮ ಜನಕ್ಕೆ ಇಷ್ಟು ನೋವು ಯಾಕೆ? ಹೀಗೆ ಕೇಳುವುದೇ ಪಾಪ ಅನ್ನುವವರಿದ್ದಾರೆ. ಪಾಪ ಅಲ್ಲ. ಬೈಬಲಿನ ಯೋಬ ಕೇಳಿದ. ಶಿಲುಬೆ ಮೇಲೆ ಯೇಸುವೇ ಕೂಗಿ ಕೇಳಿದ.

ಎರಡು ಊರುಗಳನ್ನು ಮುಂದಿಟ್ಟುಕೊಂಡು ಯೋಚಿಸೋಣ. ಒಂದು, ನಮ್ಮ ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸುತ್ತಮುತ್ತ ಸುಮಾರು 10 ಸಾವಿರ ಜನ ಸತ್ತರು. ಇನ್ನೊಂದು, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಇದಕ್ಕೆ ಹಿಂದಿನ ಜನ್ಮದ ಕರ್ಮ ಅನ್ನುವ ಉತ್ತರ ನಿಮಗೆ ಗೊತ್ತೇ ಇದೆ. ಸುಟ್ಟವನಿಗೆ ಇದಕ್ಕಿಂತ ಅನುಕೂಲದ ಮಾತು ಬೇರೆ ಬೇಕಾ? ನಮ್ಮವರಲ್ಲೂ ‘ಎಲ್ಲಾ ದೇವರ ಚಿತ್ತ’ ಅಂತ ಕೈ ತೊಳಕೊಳ್ಳುವವರಿದ್ದಾರೆ. ಬೈಬಲ್ ಹಾಗೆ ಹೇಳೋದಿಲ್ಲ. ಹುಟ್ಟುಕುರುಡನನ್ನು ನೋಡಿದ ಶಿಷ್ಯರು, ಪಾಪ ಇವನದೋ ಹೆತ್ತವರದೋ ಅಂತ ಕೇಳ್ತಾರೆ. ಯಾರದೂ ಅಲ್ಲ ಅಂತಾನೆ ಯೇಸು. ನೀನೇ ತಪ್ಪು ಮಾಡಿರಬೇಕು ಅಂತ ಯೋಬನಿಗೆ ಬುದ್ಧಿ ಹೇಳಿದ ಗೆಳೆಯರ ಮೇಲೆ ದೇವರು ಸಿಟ್ಟಾಗ್ತಾನೆ, ಕೂಗಾಡಿದ ಯೋಬನ ಮೇಲಲ್ಲ.

ಇನ್ನೊಂದು ಉತ್ತರ: ದೇವರು ಮನುಷ್ಯನನ್ನು ಗೊಂಬೆ ಮಾಡಲಿಲ್ಲ, ಸ್ವಾತಂತ್ರ್ಯ ಕೊಟ್ಟ, ಮನುಷ್ಯ ಅದನ್ನು ಕೆಡಿಸಿಕೊಂಡ. ಇದರಲ್ಲಿ ನಿಜ ಇದೆ. ಕಂಬಾಲಪಲ್ಲಿಯ ಬೆಂಕಿ ಆಕಾಶದಿಂದ ಬೀಳಲಿಲ್ಲ. ಜಾತಿಯನ್ನು ಕಟ್ಟಿದ್ದೂ ಕಾಯುತ್ತಿರುವುದೂ ಮನುಷ್ಯರೇ. ಆದರೆ ಬೆಂಕಿ ಇಟ್ಟವನ ಸ್ವಾತಂತ್ರ್ಯಕ್ಕೆ ಒಳಗಿದ್ದವರು ಯಾಕೆ ಬೆಲೆ ತೆರಬೇಕು? ಮತ್ತೆ ಕಿಲ್ಲಾರಿ? ಅಲ್ಲಿ ಕಲ್ಲು ಮಣ್ಣಿನ ಭಾರದ ಗೋಡೆ, ಮಾಳಿಗೆ ಕುಸಿದು ಜನ ಸತ್ತರು. ಗಟ್ಟಿ ಮನೆ ಇದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಆದರೂ ಭೂಮಿ ನಡುಗಿದ್ದು ಯಾರ ಸ್ವಾತಂತ್ರ್ಯದಿಂದ? ನಿದ್ದೆಯಲ್ಲೇ ಸತ್ತ ಕೂಸಿನ ಲೆಕ್ಕವನ್ನು ಯಾವ ದೇವಶಾಸ್ತ್ರವೂ ಒಪ್ಪಿಸಿಲ್ಲ. ಒಪ್ಪಿಸಿದೆ ಅನ್ನುವವರನ್ನು ನಂಬಬೇಡಿ.

ಹಾಗಾದರೆ ಕ್ರೈಸ್ತನಿಗೆ ಏನು ಉಳಿಯಿತು? ದೇವರು ಯಾಕೆ ಬಿಟ್ಟ ಅನ್ನೋದು ಪೂರಾ ತಿಳಿಯದಿದ್ದರೂ ಅವನು ಯಾರ ಕಡೆ ನಿಂತ ಅನ್ನೋದು ತಿಳಿದಿದೆ. ಯೇಸುವನ್ನು ಕೊಂದದ್ದು ಕಳ್ಳರಲ್ಲ. ವಿಚಾರಣೆ ನಡೆಸಿ, ತೀರ್ಪು ಕೊಟ್ಟು, ಊರ ಹೊರಗೆ ಒಯ್ದು ಕೊಂದರು. ಊರ ಹೊರಗೆ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಬೆಳೆದ ದಲಿತ ದೇವಶಾಸ್ತ್ರ ಹೇಳುವುದೂ ಇದನ್ನೇ: ದೇವರು ನೊಂದವರೊಳಗೆ ಒಬ್ಬ. ಅವನು ಎದ್ದು ಬಂದ ಅಂದರೆ ಕೊಂದವರ ತೀರ್ಪು ಕಡೆಯದಲ್ಲ.

ಆದರೆ ಶಿಲುಬೆ ತೋರಿಸಿ ‘ಸಹಿಸಿಕೋ, ಸ್ವರ್ಗದಲ್ಲಿ ಸಿಗುತ್ತೆ’ ಅಂದರೆ ಒಪ್ಪಬೇಡಿ. ತಿರುಚ್ಚಿಯ ಕ್ರೈಸ್ತ ಸ್ಮಶಾನದಲ್ಲೇ ಜಾತಿಯ ಗೋಡೆ ಎದ್ದಿತ್ತು. ಅದನ್ನು ದೇವರು ಕಟ್ಟಿದನಾ?

ಕಾಯಿನ ತಮ್ಮನನ್ನು ಕೊಂದಾಗ, ನಿನ್ನ ತಮ್ಮ ಎಲ್ಲಿ ಅಂತ ದೇವರು ಕೇಳಿದ. ಅದೇ ಪ್ರಶ್ನೆ ನಮಗೂ ಇದೆ. ಕಂಬಾಲಪಲ್ಲಿ ಕೇಸು ಬಿದ್ದದ್ದು ಸಾಕ್ಷಿಗಳು ತಿರುಗಿದ್ದರಿಂದ. ಅವರನ್ನು ಬೈಯಬೇಡಿ. ಅವರ ಬೆನ್ನಿಗೆ ಯಾರಿದ್ದರು ಅಂತ ಕೇಳಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸಾಕ್ಷಿಗಳ ಹಕ್ಕುಗಳನ್ನು ಸೇರಿಸಿದ್ದಾರೆ. ಅದನ್ನು ಓದಿ, ಕೇರಿಗೆ ಹೋಗಿ ತಿಳಿಸಿ. ಚರ್ಚಿನಲ್ಲಿ ಎದ್ದು ಸಾಕ್ಷಿ ಹೇಳುವ ನಾವು ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಪಕ್ಕದಲ್ಲೂ ಕೂರಬೇಕು. ದೇವರನ್ನು ನಂಬುವವರೂ ಬನ್ನಿ, ನಂಬದವರೂ ಬನ್ನಿ.

ಜೈ ಭೀಮ್.